ನಡುಗುತ್ತಿದ್ದ ಬಿಲ್ಲು ನಿಂತದ್ದು

"ಕೋವಿ ಇರುವ ಮನೆಯಲ್ಲಿ ಬಿಲ್ಲು ಯಾಕೆ ಮಾರಾಯ?" ಅಂತ ಬಾವ ನಕ್ಕು ಮೂರು ವರ್ಷ ಆಯ್ತು. ಈ ಸಲ ನಮ್ಮ ಕೊಡಗಿನ ಆಯುಧದ ಹಬ್ಬ ಕೈಲ್‌ಪೊಳ್ದ್‌ಗೆ ಊರಿನ ಮೈದಾನದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆದು ಮುಗಿದ ಮೇಲೆ, ಉಳಿದ ಒಂದು ಕಾಯಿಯನ್ನು ಮಣ್ಣಿನ ದಿಬ್ಬದ ಮುಂದೆ ಇಡಿಸಿದೆ. ದೂರ ಸುಮಾರು 25 ಮೀಟರ್. ಮೂರು ಬಾಣದಲ್ಲಿ ಎರಡು ಕಾಯಿಗೆ ಹೊಕ್ಕವು. ಬಾವ ನಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಹೆಸರಿಗಷ್ಟೇ ಇದು ಬೇಟೆ ಬಿಲ್ಲು. 1972ರ ವನ್ಯಜೀವಿ ಕಾಯ್ದೆ ಇದೆಯಲ್ಲ, ಹಂದಿ ಬಂದು ಇಡೀ ತೋಟ ಉತ್ತು ಹೋದರೂ ಅನುಮತಿ ಇಲ್ಲದೆ ಹೊಡೆಯುವ ಹಾಗಿಲ್ಲ. ನನ್ನ ಬೇಟೆಯೆಲ್ಲ ಕಾಯಿ, ಗೋಣಿಚೀಲ.

ಸೆಕೆಂಡ್ ಹ್ಯಾಂಡ್ ಕಾಂಪೌಂಡ್, ಅಂದರೆ ತುದಿಗಳಲ್ಲಿ ರಾಟೆ ಇರುವ ಬಿಲ್ಲು, ಎಳೆಯಲು 60 ಪೌಂಡ್ ಬಲ ಬೇಕಾದದ್ದು, 28 ಸಾವಿರಕ್ಕೆ ತಂದೆ. "ಯಾರಿಗಾದರೂ ಸರಿಹೋಗುತ್ತೆ" ಅಂದ ಮಾರಿದವನು. ನಂಬಿದೆ. ಎಳೆದು ಹಿಡಿದರೆ ಗುರಿ ನೋಡುವ ಪಿನ್ ಜೀಪಿನ ವೈಪರ್ ತರ ಅತ್ತಿತ್ತ ಓಡುತ್ತಿತ್ತು. 20 ಮೀಟರಿಗೆ ಆರು ಬಾಣ ಬಿಟ್ಟರೆ ಅಕ್ಕಿ ರೊಟ್ಟಿಗಿಂತ ಅಗಲಕ್ಕೆ ಹರಡುತ್ತಿದ್ದವು. ಐದಾರು ಬಾಣ ಕಾಫಿ ಗಿಡದೊಳಗೆ ಮಾಯ. ಒಂದೊಂದಕ್ಕೆ ಏಳ್ನೂರು ರೂಪಾಯಿ! ಒಂದು ಮಾತ್ರ ಜನವರಿಯಲ್ಲಿ ಕಾಫಿ ಕೊಯ್ಯುವವರಿಗೆ ಸಿಕ್ಕಿತು.

ಬಿಲ್ಲಿನ ಮುಂದೆ ಚಾಚುವ ಭಾರದ ಕೋಲು, ಸ್ಟೆಬಿಲೈಜರ್ ಹಾಕು ಅಂದರು. ಒಂಬತ್ತು ಸಾವಿರ ಹೋಯಿತು. ಭಾರ ಜಾಸ್ತಿ ಆಯ್ತು, ನಡುಕ ಹಾಗೇ ಇತ್ತು. ಆಮೇಲೆ ಡಂಬೆಲ್ ಎತ್ತಿದೆ. ಭುಜ ಹಿಡಿದುಕೊಂಡು ಒಂದು ತಿಂಗಳು ಬಿಲ್ಲನ್ನೇ ಮುಟ್ಟಲಿಲ್ಲ.

ತಪ್ಪು ಇದ್ದದ್ದು ಡ್ರಾ ಲೆಂತ್‌ನಲ್ಲಿ, ಅಂದರೆ ಹಗ್ಗ ಎಷ್ಟು ಹಿಂದಕ್ಕೆ ಬರುತ್ತೆ ಅನ್ನುವ ಅಳತೆಯಲ್ಲಿ. ಎರಡೂ ಕೈ ಚಾಚಿ ಬೆರಳ ತುದಿಯಿಂದ ತುದಿಗೆ ಅಳೆಸಿದೆ, 70 ಇಂಚು. ಎರಡೂವರೆಯಿಂದ ಭಾಗಿಸಿದರೆ 28. ಬಿಲ್ಲಿನದು 30! ಅಷ್ಟು ದಿನ ಸೊಂಟ ಹಿಂದಕ್ಕೆ ಬಾಗಿಸಿ, ಮೊಣಕೈ ಸೆಟೆದು ನಿಲ್ಲುತ್ತಿದ್ದೆ. ನಡುಗದೆ ಇನ್ನೇನಾಗುತ್ತೆ? ರಾಟೆಗೆ ಕೂರಿಸಿ ಆ ಅಳತೆ ಬದಲಿಸುವ ತುಂಡು, 28ರ ಮಾಡ್ಯೂಲ್, ಬೆಂಗಳೂರಿಂದ ತರಿಸಿದೆ, ಮೂರು ಸಾವಿರದ ಹತ್ತಿರ ಬಿತ್ತು. ಬಿಲ್ಲಿನ ತೋಳುಗಳನ್ನು ಬಿಗಿಯುವ ಲಿಂಬ್ ಬೋಲ್ಟ್ ಎರಡನ್ನೂ ಸಮವಾಗಿ ಸಡಿಲಿಸಿ 50 ಪೌಂಡಿಗೆ ಇಳಿಸಿದೆ. ಮಕ್ಕಳ ಬಿಲ್ಲು ಅಂದರು. ಅನ್ನಲಿ. ಗುರಿ ನೋಡಲು ಹಗ್ಗದಲ್ಲಿರುವ ತೂತಿನ ಬಿಲ್ಲೆ, ಪೀಪ್, ಮತ್ತೆ ಕೂರಿಸುವುದಕ್ಕೇ ಎರಡು ಸಂಜೆ ಹೋಯಿತು.

ಆಮೇಲೆ ಹಿಡಿತ. ಒಲೆಯ ಮಸಿಯನ್ನು ಹಿಡಿಗೆ ಸವರಿ ಒಂದು ಬಾಣ ಬಿಟ್ಟು ಅಂಗೈ ನೋಡಿದೆ. ಬೆರಳ ಸಂದಿಯವರೆಗೆ ಕಪ್ಪು. ಅಂದರೆ ಕತ್ತಿ ಹಿಡಿದ ಹಾಗೆ ಹಿಡಿಯುತ್ತಿದ್ದೆ. ದಿನಾ ಮಸಿ ಹಚ್ಚಿದೆ. ಎರಡು ವಾರ ಕಳೆದಾಗ ಹೆಬ್ಬೆರಳ ಬುಡದ ದಿಂಡಿನಲ್ಲಿ ಮಾತ್ರ ನಾಲ್ಕಾಣೆಯಷ್ಟು ಕಲೆ ಉಳಿಯಿತು. ಬಾಕಿ ಬೆರಳುಗಳು ಸುಮ್ನೆ ಜೋತಾಡುತ್ತವೆ.

ಜೂನಿಂದ ಆಗಸ್ಟ್ ನಮ್ಮಲ್ಲಿ ಮಳೆ ಗೊತ್ತಲ್ಲ, ಹೊರಗೆ ಕಾಲಿಡುವ ಹಾಗಿಲ್ಲ. ಕಾಫಿ ಗೋಡೌನಿನಲ್ಲಿ ಗೊಬ್ಬರದ ಚೀಲಕ್ಕೆ ಹಳೇ ಬಟ್ಟೆ ತುರುಕಿ, ಮೂರು ಮೀಟರಿಂದ ದಿನಕ್ಕೆ ಮೂವತ್ತು ಬಾಣ. ಗುರಿ ಇಲ್ಲ. ಎಳೆದ ಮೇಲೆ ಕಣ್ಣು ಮುಚ್ಚುವುದು. ಅವ್ವ ಬಾಗಿಲಲ್ಲಿ ನಿಂತು ನೋಡಿ, "ಕಣ್ಣು ಮುಚ್ಚಿ ಹೊಡೆಯೋಕೆ ಇಷ್ಟು ಖರ್ಚಾ?" ಅಂದರು. ಆದರೆ ಹಗ್ಗ ಬಿಡುವ ಕೈಸಾಧನ ರಿಲೀಸಿನ ಗುಂಡಿಯನ್ನು ಪಟ್ ಅಂತ ಒತ್ತುವ ಚಟ ಹೋದದ್ದು ಅಲ್ಲೇ. ಈಗ ಬೆರಳು ಒತ್ತುವುದಿಲ್ಲ, ಬೆನ್ನು ಎಳೆಯುತ್ತಾ ಹೋಗುತ್ತದೆ. ಬಾಣ ಹೋದದ್ದು ನನಗೇ ಆಮೇಲೆ ಗೊತ್ತಾಗುತ್ತದೆ. ಪಿನ್ ಇವತ್ತಿಗೂ ಸ್ವಲ್ಪ ಅಲುಗುತ್ತೆ, ಅಲುಗಲಿ ಅಂತ ಬಿಡುತ್ತೇನೆ. ನಿಲ್ಲಿಸಲು ಹೋದರೆ ಇನ್ನೂ ಕುಣಿಯುತ್ತೆ. ಆ ಹೊತ್ತಿಗೆ ಮನಸ್ಸಲ್ಲೇ ಒಂದು ಮಾತು ಹೇಳಿಕೊಳ್ಳುತ್ತೇನೆ. ಅದೇನು ಅಂತ ಕೇಳಬೇಡಿ.

ನಡುವೆ ನಾಟಿ ಹುಂಜದ ಗರಿ ಅಂಟಿಸಿ ನಾಲ್ಕು ಬಾಣ ಮಾಡಿದ್ದೆ. ನೋಡೋಕೆ ಚೆಂದ. ಒಂದು ಸೋನೆಗೆ ನೆಂದು ಬೆಕ್ಕಿನ ಬಾಲದ ಹಾಗಾದವು. ಬಿಲ್ಲಿನ ಹಗ್ಗಕ್ಕೆ ತೋಟದ್ದೇ ಜೇನುಮೇಣ ಹಚ್ಚುತ್ತೇನೆ, ಅದು ಗೆದ್ದಿದೆ. ಅದರ ಜೊತೆ ಇನ್ನೊಂದನ್ನು ಸೇರಿಸುತ್ತೇನೆ, ಸದ್ಯಕ್ಕೆ ಅದು ನನ್ನಲ್ಲೇ ಇರಲಿ.

ಈಗ 20 ಮೀಟರಿಗೆ ಆರು ಬಾಣ ಬಿಟ್ಟರೆ ಐದು ಒಂದು ಕಡಂಬುಟ್ಟಿನಷ್ಟು (ನಮ್ಮ ಅಕ್ಕಿ ಕಡುಬಿನ ಉಂಡೆ) ಜಾಗದಲ್ಲಿ ಕೂರುತ್ತವೆ. 40 ಮೀಟರಿನ ಮಾತು ಇನ್ನೂ ಎತ್ತಬೇಡಿ. ಕೈಲ್‌ಪೊಳ್ದ್‌ನ ಆಯುಧಪೂಜೆಯಲ್ಲಿ ಕೋವಿಯ ಬಾಯಿಗೆ ತೋಕ್‌ಪೂ (ಕೋವಿ ಹೂ) ಸಿಕ್ಕಿಸುವಾಗ, ಅವ್ವನೇ ಒಂದು ಹೂವನ್ನು ಬಿಲ್ಲಿಗೂ ಇಟ್ಟರು.

ಬಾವ ಮೊನ್ನೆ ಬಂದು ಮೆಲ್ಲಗೆ ರೇಟು ವಿಚಾರಿಸಿದರು. ಅವರು ನನಗಿಂತ ಅರ್ಧ ಅಡಿ ಎತ್ತರ. 30ರ ಹಳೇ ಮಾಡ್ಯೂಲ್ ಡ್ರಾಯರಿನಲ್ಲಿ ಹಾಗೇ ಇದೆ. ಎರಡು ಸಾವಿರ ಹೇಳಿದ್ದೇನೆ.