ಪ್ಯಾರಿಸ್‌ನಲ್ಲಿ ನಮ್ಮ ದೊಡ್ಡ ಊಟ ಮಧ್ಯಾಹ್ನಕ್ಕೆ

ಪ್ಯಾರಿಸ್‌ನ ಒಳ್ಳೆಯ ರೆಸ್ಟೋರೆಂಟ್‌ಗಳು ನಮ್ಮಂಥವರ ಜೇಬಿಗೆ ಆಗೋದಲ್ಲ ಅಂತ ಹೊರಡುವ ಮುಂಚೆ ಎಲ್ಲರೂ ಹೇಳಿದ್ದರು. ರಾತ್ರಿ ಊಟಕ್ಕಾದರೆ ಅದು ನಿಜ. ಆದರೆ ಅಂಥ ಎಷ್ಟೋ ಕಡೆ ಸೋಮವಾರದಿಂದ ಶುಕ್ರವಾರದ ನಡುವೆ ಮಧ್ಯಾಹ್ನಕ್ಕೆ ಒಂದು ಸೆಟ್ ಊಟ ಇರುತ್ತದೆ. ಅಡುಗೆಮನೆ ಅದೇ, ಶೆಫ್ ಅವರೇ, ಬೆಲೆ ಮಾತ್ರ ರಾತ್ರಿಗಿಂತ ಬಹಳ ಕಡಿಮೆ. ಒಳ್ಳೆಯ ಅಡುಗೆಗೆ ಮಿಶೆಲಿನ್ ಗೈಡ್ ಕೊಡುವ ಸ್ಟಾರ್ ಇರುವವರಲ್ಲೂ ಹೀಗೆ ಕೊಡುವವರಿದ್ದಾರೆ. ನಾನೂ ನಮ್ಮಕ್ಕನೂ ಹೋದಾಗ ಇದನ್ನೇ ನಂಬಿಕೊಂಡೆವು.

ಫ್ರಾನ್ಸ್‌ನಲ್ಲಿ ಬೆಲೆಪಟ್ಟಿಯನ್ನು ಬಾಗಿಲ ಹೊರಗೇ ಹಾಕಬೇಕು ಅಂತ ಕಾನೂನಿದೆ. ಹಾಗಾಗಿ ಸಂಜೆ ಸುತ್ತಾಡುವಾಗ ಬಾಗಿಲುಗಳ ಮುಂದೆ ನಿಂತು ಓದುತ್ತಿದ್ದೆವು. ‘ಮಿದಿ’ ಅಂದರೆ ಮಧ್ಯಾಹ್ನ. ಪಟ್ಟಿಯಲ್ಲಿ ಆ ಪದ ಇರುವ ಚೌಕದೊಳಗೆ ಎರಡು ಅಥವಾ ಮೂರು ಐಟಂಗಳ ಒಟ್ಟು ಬೆಲೆ ಇರುತ್ತದೆ. ಇಷ್ಟವಾದದ್ದರ ಫೋಟೋ ತೆಗೆದುಕೊಂಡು, ರೂಮಿಗೆ ಬಂದು ಬುಕ್ ಮಾಡುತ್ತಿದ್ದೆವು. ಕೆಲವರು ಕಾರ್ಡ್ ನಂಬರ್ ಕೇಳುತ್ತಾರೆ, ಬುಕ್ ಮಾಡಿ ಹೇಳದೆ ಹೋಗದಿದ್ದರೆ ದುಡ್ಡು ಹಿಡಿದುಕೊಳ್ಳುತ್ತಾರೆ. ಮಧ್ಯಾಹ್ನ ಒಂದು ಗಂಟೆ ಹೊಡೆಯುವ ಮುಂಚೆ ಹೋಗಿ ಕೂರುವುದು ಒಳ್ಳೆಯದು. ಎರಡರ ಹೊತ್ತಿಗೆ ಬಹಳ ಅಡುಗೆಮನೆಗಳು ಮುಚ್ಚುತ್ತವೆ.

ಅಕ್ಕ ಸಸ್ಯಾಹಾರಿ. ಮೊಟ್ಟೆ ಪರವಾಗಿಲ್ಲ, ಮೀನು ಮಾಂಸ ಬೇಡ. ಹೆಚ್ಚು ತಲೆ ಕೆಡಿಸಿಕೊಂಡದ್ದು ಇದಕ್ಕೇ. ಫ್ರೆಂಚ್ ಅಡುಗೆಯಲ್ಲಿ ತಟ್ಟೆಯ ಮೇಲೆ ಬರೀ ತರಕಾರಿ ಕಂಡರೂ ಅದರ ಸಾಸ್ ಮೂಳೆ ಬೇಯಿಸಿದ ಸಾರಿನಿಂದ ಮಾಡಿದ್ದಿರಬಹುದು. ಸಿಹಿಯಲ್ಲಿ ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆದ ಜೆಲಟಿನ್ ಇರಬಹುದು. ಕೋಂತೆ ಚೀಸ್‌ನ ಹಾಲು ಒಡೆಸುವುದೇ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ. ಸುಮ್ನೆ ‘ವೆಜಿಟೇರಿಯನ್’ ಅಂದರೆ ಇದೆಲ್ಲ ಅವರ ತಲೆಗೆ ಬರಬೇಕೆಂದಿಲ್ಲ. ಅದಕ್ಕೆ ಬುಕ್ ಮಾಡುವಾಗಲೇ ಮಾಂಸದ ಸಾರು, ಮೀನಿನ ಸಾರು, ಜೆಲಟಿನ್, ರೆನೆಟ್ ಅಂತ ಒಂದೊಂದನ್ನೂ ಹೆಸರು ಹಿಡಿದು ಫ್ರೆಂಚ್‌ನಲ್ಲಿ ಮೇಲ್ ಬರೆದೆವು. ಆಗಲ್ಲ ಅಂತ ನೇರವಾಗಿ ಹೇಳಿದವರೂ ಇದ್ದರು, ಅದೂ ಒಳ್ಳೆಯದೇ. ಒಪ್ಪಿಕೊಂಡವರು ಮಾತ್ರ ಮನಸ್ಸಿಟ್ಟು ಮಾಡಿದರು. ಒಂದು ಕಡೆ ಅಕ್ಕನಿಗೆ ಸೆಲರಿ ಗಡ್ಡೆಯನ್ನು ಇಡಿಯಾಗಿ ಉಪ್ಪಿನ ಹಿಟ್ಟಿನೊಳಗೆ ಬೇಯಿಸಿ, ಎದುರಿಗೇ ಕೊಯ್ದು, ಕಂದು ಬಣ್ಣಕ್ಕೆ ಕಾಯಿಸಿದ ಬೆಣ್ಣೆ ಸುರಿದು ಕೊಟ್ಟರು. ನನ್ನ ಮೀನಿಗಿಂತ ಅದೇ ರುಚಿಯಾಗಿತ್ತು. ಈಗಲೂ ಹಾಗೇ ಹೇಳ್ತೀನಿ.

ಬಿಲ್ ಬೆಳೆಯುವುದು ಊಟದಿಂದಲ್ಲ, ಕುಡಿಯುವುದರಿಂದ. ಕೂತ ಕೂಡಲೇ ಬಾಟಲಿ ನೀರು ಬೇಕಾ ಅಂತ ಕೇಳುತ್ತಾರೆ. ‘ಉನ್ ಕರಾಫ್ ದೋ’ ಅನ್ನಿ, ಹೂಜಿಯಲ್ಲಿ ನಲ್ಲಿ ನೀರು ಬರುತ್ತದೆ. ಊಟದ ಜೊತೆ ಅದಕ್ಕೆ ದುಡ್ಡಿಲ್ಲ, ಬ್ರೆಡ್‌ಗೂ ಇಲ್ಲ. ಇದರಲ್ಲಿ ಸಂಕೋಚ ಯಾಕೆ, ಅಲ್ಲಿಯವರೂ ಅದನ್ನೇ ಕೇಳುತ್ತಾರೆ. ವೈನ್, ಕಾಫಿ ಬೇರೆ ಲೆಕ್ಕ. ತೆರಿಗೆ, ಸರ್ವಿಸ್ ಎರಡೂ ಹಾಕಿಯೇ ಬೆಲೆ ಬರೆದಿರುತ್ತಾರೆ. ಟಿಪ್ಸ್ ನಿಮ್ಮಿಷ್ಟ.

ರಾತ್ರಿಗೆ ಬೇಕರಿಯ ಬಾಗೆತ್ ಅನ್ನೋ ಉದ್ದನೆಯ ಬ್ರೆಡ್, ಹಣ್ಣು, ಮೊಸರು ಸಾಕಾಗುತ್ತಿತ್ತು. ಒಂದು ರಾತ್ರಿ ಮಾತ್ರ 1896ರಿಂದ ನಡೆಯುತ್ತಿರುವ ಬೂಯಾನ್ ಶಾರ್ತಿಯೇ ಅನ್ನೋ ರೆಸ್ಟೋರೆಂಟ್‌ಗೆ ಹೋದೆವು. ಅದು ಫೈನ್ ಡೈನಿಂಗ್ ಅಲ್ಲ, ಕ್ಯೂ ಜಾಸ್ತಿ. ಆದರೆ ಆ ಎತ್ತರದ ಹಳೇ ಹಾಲ್‌ನಲ್ಲಿ ಕೂತು ಅಗ್ಗಕ್ಕೆ ಉಣ್ಣುವುದೇ ಒಂದು ಖುಷಿ.

ಇನ್ನೊಂದು ಜಾಗ ಹೇಳಲೇಬೇಕು. ಆರನೇ ವಾರ್ಡಿನಲ್ಲಿ ಫೆರಾಂದಿ ಅಂತ ಅಡುಗೆ ಕಲಿಸುವ ಹೆಸರುವಾಸಿ ಶಾಲೆ ಇದೆ. ಅಲ್ಲಿನ ರೆಸ್ಟೋರೆಂಟ್‌ಗಳಲ್ಲಿ ಅಡುಗೆ ಮಾಡುವವರೂ ಬಡಿಸುವವರೂ ವಿದ್ಯಾರ್ಥಿಗಳೇ, ಮೇಷ್ಟ್ರು ಪಕ್ಕದಲ್ಲಿ ನಿಂತಿರುತ್ತಾರೆ. ಅದೇ ಮಟ್ಟದ ಊಟಕ್ಕೆ ಹೊರಗೆ ಇದಕ್ಕಿಂತ ತುಂಬಾ ಜಾಸ್ತಿ ಕೊಡಬೇಕು. ಶಾಲೆಗೆ ರಜೆ ಇದ್ದಾಗ ಇದೂ ಮುಚ್ಚಿರುತ್ತದೆ, ಮೇಜುಗಳು ಬೇಗ ತುಂಬುತ್ತವೆ. ವಿಮಾನದ ಟಿಕೆಟ್ ಕೈಗೆ ಬಂದ ಮೇಲೆ ಮೊದಲು ಇಲ್ಲಿ ಜಾಗ ಇದೆಯಾ ನೋಡಿ.