ಬದುಕಿಗೊಂದು ಪ್ಲಾನ್ ಬರೆಯುವುದು ಹೇಗೆ? ಪೆನ್ನು ಬೇಡ, ಪೆನ್ಸಿಲ್ ತಗೊಳ್ಳಿ

ಹೋದ ಯುಗಾದಿಗೆ ಮನೆ ಧೂಳು ಹೊಡೆಯುವಾಗ ಬೀರುವಿನ ಮೇಲೆ, ಹಳೇ ಪಂಚಾಂಗಗಳ ಅಡಿಯಲ್ಲಿ ಒಂದು ಡೈರಿ ಸಿಕ್ಕಿತು. ನನ್ನದೇ ಅಕ್ಷರ. ಮೊದಲ ಪುಟದಲ್ಲಿ 'ಈ ವರ್ಷ ನಾನು' ಅಂತ ತಲೆಬರಹ, ಕೆಳಗೆ ನೀಟಾಗಿ 23 ಸಾಲು. ಬೆಳಿಗ್ಗೆ ಐದಕ್ಕೆ ಏಳುವುದು, ಯೋಗ, ಸಕ್ಕರೆ ಬಿಡುವುದು, ಸಂಸ್ಕೃತ ಕಲಿಯುವುದು, ಸಮಾಜಕ್ಕೆ ಏನಾದರೂ ಮಾಡುವುದು. ಜನವರಿ 1, 2, 3ರ ಪುಟಗಳಲ್ಲಿ ಟಿಕ್ ಇತ್ತು. 4ನೇ ತಾರೀಖಿನಲ್ಲಿ ಗ್ಯಾಸ್ ಬುಕ್ ಮಾಡಿದ ನಂಬರ್. ಅಲ್ಲಿಂದ ಮುಂದೆ ಬರೀ ಹಾಲಿನ ಲೆಕ್ಕ.

ಓದಿ ನಗು ಬಂತು, ಆಮೇಲೆ ಸ್ವಲ್ಪ ಬೇಜಾರೂ ಆಯಿತು. ಇಷ್ಟು ದಿನ ನಾನು ಸೋಮಾರಿ ಅಂತಲೇ ಅಂದುಕೊಂಡಿದ್ದೆ. ಆದರೆ ಆ ಪಟ್ಟಿ ನೋಡಿ, 23ರಲ್ಲಿ ಒಂದಾದರೂ ಯಾರಿಗಾಗಿ, ಯಾವಾಗ, ಎಷ್ಟು ಹೊತ್ತು ಅಂತ ಹೇಳುತ್ತಾ? 'ಸಮಾಜಕ್ಕೆ ಏನಾದರೂ' ಅಂದರೆ ಯಾವ ಸಮಾಜ ಸ್ವಾಮಿ? ಬುಧವಾರ ಸಂಜೆ ಏಳಕ್ಕೆ ಬಸ್ಸಿಳಿದು ಮನೆಗೆ ಬಂದು ಚಪ್ಪಲಿ ಬಿಟ್ಟವಳು ಆ ಸಾಲು ಓದಿ ಏನು ಮಾಡಬೇಕು?

ಹಾಗಾಗಿ ಈ ಸಲ ಬೇರೆ ಥರ ಮಾಡಿದೆ. ಒಂದೇ ಪುಟ. ವರ್ಷ ಆಗುತ್ತಾ ಬಂತು, ಇನ್ನೂ ನಡೆಯುತ್ತಿದೆ. ಹೇಗೆ ಅಂತ ಹೇಳುತ್ತೇನೆ, ನಿಮಗೆ ಬೇಕಾದ್ದು ತಗೊಳ್ಳಿ.

1. ಒಂದು ವಾರ ಸುಮ್ನೆ ಲೆಕ್ಕ ಬರೆಯಿರಿ

ಏನೂ ಬದಲಾಯಿಸಬೇಡಿ. ದಿನಾ ರಾತ್ರಿ ಮಲಗುವ ಮುಂಚೆ ಐದು ನಿಮಿಷ ಕೂತು, ಇವತ್ತು ಹೊತ್ತು ಎಲ್ಲಿ ಹೋಯಿತು ಅಂತ ಬರೆದಿಡಿ, ಅಷ್ಟೇ. ವಾರಕ್ಕಿರುವುದು 168 ಗಂಟೆ. ನನ್ನ ಲೆಕ್ಕ ಹೀಗಿತ್ತು: ನಿದ್ದೆಗೆ 49, ಆಫೀಸಿಗೆ ಆರು ದಿನ ಒಂಬತ್ತೊಂಬತ್ತು ಗಂಟೆ ಅಂದರೆ 54, ಬಸ್ಸಿಗೆ 12, ಅಡುಗೆ, ಊಟ, ಸ್ನಾನ, ಬಟ್ಟೆ ಎಲ್ಲಾ ಸೇರಿ 28. ಒಟ್ಟು 143. ಇನ್ನು 25 ಗಂಟೆ ನನ್ನದೇ! 'ಟೈಮೇ ಇಲ್ಲ' ಅಂತ ಊರೆಲ್ಲ ಹೇಳಿಕೊಂಡು ತಿರುಗುವವಳಿಗೆ ವಾರಕ್ಕೆ 25 ಗಂಟೆ.

ಎಲ್ಲಿ ಹೋಗುತ್ತಿತ್ತು ಅಂತ ಫೋನೇ ಹೇಳಿತು. ಆಂಡ್ರಾಯ್ಡ್ ಫೋನಿನಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ 'ಡಿಜಿಟಲ್ ವೆಲ್‌ಬೀಯಿಂಗ್' ನೋಡಿ, ಐಫೋನ್ ಆದರೆ 'ಸ್ಕ್ರೀನ್ ಟೈಮ್'. ನನಗೆ ದಿನಕ್ಕೆ ಮೂರು ಗಂಟೆ ಹತ್ತು ನಿಮಿಷ ತೋರಿಸಿತು, ಅಂದರೆ ವಾರಕ್ಕೆ 22 ಗಂಟೆ ದಾಟಿತು. ಎಲ್ಲವೂ ಆ 25ರೊಳಗೇ ಬಂತು ಅನ್ನಲಾರೆ, ಬಸ್ಸಲ್ಲೂ ನೋಡುತ್ತೇನೆ, ಕುಕ್ಕರ್ ಕೂಗುವಾಗಲೂ ನೋಡುತ್ತೇನೆ. ಆದರೂ ಆ ನಂಬರ್ ನೋಡಿ ಮುಖ ಬಿಸಿಯಾಯಿತು.

ನಿಮ್ಮ ಮನೆಯಲ್ಲಿ ಕೈಕೂಸೋ, ಹಾಸಿಗೆ ಹಿಡಿದವರೋ ಇದ್ದರೆ 25 ಬಿಡಿ, ಎರಡು ಗಂಟೆಯೂ ಸಿಗದೇ ಇರಬಹುದು. ಪರವಾಗಿಲ್ಲ. ಇರುವುದು ಎಷ್ಟು ಅಂತ ಗೊತ್ತಾದರೆ ಈ ಹಂತದ ಕೆಲಸ ಮುಗಿಯಿತು.

2. 'ನನ್ನ ಬದುಕಿನ ಗುರಿ ಏನು' ಅಂತ ಕೇಳಬೇಡಿ

ಆ ಪ್ರಶ್ನೆ ಕೇಳಿಕೊಂಡರೆ ಉತ್ತರದ ಬದಲು ನಿದ್ದೆ ಬರುತ್ತದೆ. ಇದರ ಬದಲು ಕೇಳಿ: ಇತ್ತೀಚೆಗೆ ನನಗೆ ಏನು ಚುಚ್ಚಿತು? ಯಾವುದನ್ನು ನೋಡಿ 'ಛೆ, ಇದು ಹೀಗಾಗಬಾರದಿತ್ತು' ಅನ್ನಿಸಿತು?

ಹರೇಕಳ ಹಾಜಬ್ಬ ಅವರ ಕಥೆ ನಿಮಗೆ ಗೊತ್ತಿರುತ್ತದೆ. ಮಂಗಳೂರಿನಲ್ಲಿ ಬುಟ್ಟಿ ಹೊತ್ತು ಕಿತ್ತಳೆ ಮಾರುತ್ತಿದ್ದವರು. ಒಂದು ದಿನ ವಿದೇಶಿಯರು ಇಂಗ್ಲಿಷಿನಲ್ಲಿ ಹಣ್ಣಿನ ರೇಟು ಕೇಳಿದರು. ಇವರಿಗೆ ಅರ್ಥವಾಗಲಿಲ್ಲ, ಅವರು ಹೊರಟು ಹೋದರು. ನಾವಾದರೆ ಏನು ಮಾಡುತ್ತಿದ್ದೆವು? ಸಂಜೆ ಮನೆಯಲ್ಲಿ ಹೇಳಿಕೊಂಡು ಮರೆಯುತ್ತಿದ್ದೆವು. ಹಾಜಬ್ಬ ಮರೆಯಲಿಲ್ಲ. ನಮ್ಮೂರ ಮಕ್ಕಳಿಗೆ ಹೀಗಾಗಬಾರದು ಅಂತ ಹಣ್ಣು ಮಾರಿದ ದುಡ್ಡಲ್ಲೇ ಉಳಿಸುತ್ತಾ, ಕಚೇರಿಗಳಿಗೆ ಅಲೆಯುತ್ತಾ, 2000ನೇ ಇಸವಿಯಲ್ಲಿ ನ್ಯೂಪಡ್ಪಿನಲ್ಲಿ ಶಾಲೆ ತೆರೆಸಿದರು. ಮೊದಲಿಗೆ 28 ಮಕ್ಕಳು. ಆಮೇಲೆ ಹೈಸ್ಕೂಲೂ ಬಂತು. 2020ರಲ್ಲಿ ಪದ್ಮಶ್ರೀ ಘೋಷಣೆಯಾಯಿತು.

ಪದ್ಮಶ್ರೀ ಹಾಗಿರಲಿ, ಅದು ನಮಗೆ ಬರುವುದೂ ಇಲ್ಲ. ನನಗೆ ಇಷ್ಟವಾಗುವುದು ಆ ಆಸೆ ಎಷ್ಟು ಚಿಕ್ಕ ಜಾಗದಲ್ಲಿತ್ತು ಅನ್ನುವುದು. ದೇಶದ ಶಿಕ್ಷಣ ಸುಧಾರಿಸಬೇಕು ಅಂತ ಅವರು ಹೊರಡಲಿಲ್ಲ. ಒಂದೂರು, ಆ ಊರಿನ ಮಕ್ಕಳು, ಒಂದು ಶಾಲೆ.

ಇಲ್ಲಿ ಇನ್ನೊಂದು ಮಾತು. ವಾಟ್ಸಾಪಿನಲ್ಲಿ ಓಡಾಡುವ 'ಇಕಿಗೈ' (ಜಪಾನಿ ಮಾತಿನಲ್ಲಿ, ಬದುಕಲು ಒಂದು ಕಾರಣ) ಚಿತ್ರ ನೋಡಿರುತ್ತೀರಿ, ನಾಲ್ಕು ವೃತ್ತ, ಇಷ್ಟದ್ದು, ನಮಗೆ ಚೆನ್ನಾಗಿ ಮಾಡಲು ಬರುವಂಥದ್ದು, ಜಗತ್ತಿಗೆ ಬೇಕಾದದ್ದು, ದುಡ್ಡು ಬರುವಂಥದ್ದು. ಅದು ಜಪಾನಿನವರು ಬರೆದದ್ದೇ ಅಲ್ಲ. ಸ್ಪೇನಿನವರೊಬ್ಬರು ಬೇರೆ ವಿಷಯಕ್ಕೆ ಬರೆದಿದ್ದ ಚಿತ್ರದ ನಡುವೆ ಬ್ರಿಟನ್ನಿನ ಬ್ಲಾಗರ್ ಒಬ್ಬರು 2014ರಲ್ಲಿ ಆ ಪದ ಕೂರಿಸಿದರು. ಜಪಾನಿನಲ್ಲಿ ಇಕಿಗೈ ಅಂದರೆ ಮೊಮ್ಮಗುವೂ ಆಗಬಹುದು, ಹಿತ್ತಲಿನ ಗಿಡವೂ ಆಗಬಹುದು. ದುಡ್ಡು ಬರಲೇಬೇಕು ಅಂತೇನಿಲ್ಲ. ಆ ನಾಲ್ಕನೇ ವೃತ್ತ ತುಂಬಿಸಲಾಗದೆ ಎಷ್ಟು ಜನ ಪೆನ್ನು ಕೆಳಗಿಟ್ಟಿದ್ದಾರೋ!

ನನಗೆ ಚುಚ್ಚಿದ್ದು ಹೇಳುತ್ತೇನೆ. ನಮ್ಮಮ್ಮ ನಾಗಮಂಗಲದ ಕಡೆಯವರು. ಚಿಕ್ಕಪ್ಪನ ಮಗಳ ಮದುವೆಯಲ್ಲಿ ಆರತಿ ಹೊತ್ತಿಗೆ ಅಮ್ಮ ಸೋಬಾನೆ ಶುರು ಮಾಡಿದರು. ಮೊದಲ ಸಾಲು ಹೇಳಿ ಸುತ್ತ ನೋಡಿದರು. ಸೊಲ್ಲು ಎತ್ತಿಕೊಳ್ಳಲು ಯಾರೂ ಇಲ್ಲ. ಜೊತೆಗೆ ಹಾಡುತ್ತಿದ್ದ ಇಬ್ಬರು ಅತ್ತೆಯರೂ ತೀರಿಹೋಗಿದ್ದಾರೆ. ನಾನು ಅಲ್ಲೇ ಪಕ್ಕದಲ್ಲಿ ರೇಷ್ಮೆ ಸೀರೆ ಉಟ್ಟು ನಿಂತಿದ್ದೆ, ನನಗೂ ಬರಲ್ಲ. ಅಮ್ಮ ಎರಡನೇ ಸಾಲಿಗೆ ನಿಲ್ಲಿಸಿದರು. ಅಷ್ಟರಲ್ಲಿ ಡಿಜೆ ಶುರುವಾಯಿತು.

ನಿಮ್ಮ ಪುಟದ ಮೊದಲ ಸಾಲಿನಲ್ಲಿ ಅಂಥದ್ದೊಂದು ಬರೆಯಿರಿ, ಅದರ ಪಕ್ಕ ಒಂದು ಹೆಸರು. ಮಗುವಿನದೋ, ಊರಿನದೋ, ಕೆರೆಯದೋ. ಹೆಸರಿಲ್ಲದ ಉದ್ದೇಶ ನಾಲ್ಕನೇ ತಾರೀಖಿಗೆ ಗ್ಯಾಸ್ ನಂಬರ್ ಆಗುತ್ತದೆ.

ಏನೂ ಚುಚ್ಚುತ್ತಿಲ್ಲ, ವಾರಗಟ್ಟಲೆ ಯಾವುದೂ ಬೇಡ ಅನ್ನಿಸುತ್ತಿದೆ, ನಿದ್ದೆ ಊಟ ಕೆಟ್ಟಿದೆ ಅನ್ನುವುದಾದರೆ ಈ ಲೇಖನ ಪಕ್ಕಕ್ಕಿಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ, ಕಾಸಿಲ್ಲ, ಕನ್ನಡದಲ್ಲೇ ಮಾತಾಡಬಹುದು.

3. ಅದನ್ನು ಗಡಿಯಾರಕ್ಕೆ ಕಟ್ಟಿ

ಪೀಟರ್ ಗೋಲ್‌ವಿಟ್ಸರ್ ಅನ್ನುವ ಜರ್ಮನ್ ಮನಃಶಾಸ್ತ್ರಜ್ಞರು ವರ್ಷಗಟ್ಟಲೆ ಇದನ್ನೇ ಅಧ್ಯಯನ ಮಾಡಿದವರು. 'ಮಾಡುತ್ತೇನೆ' ಅಂತ ಬರೆಯುವುದಕ್ಕಿಂತ 'ಇದು ಆದಾಗ, ಇದನ್ನು ಮಾಡುತ್ತೇನೆ' ಅಂತ ಬರೆದರೆ ಕೆಲಸ ನಡೆಯುವ ಸಾಧ್ಯತೆ ಜಾಸ್ತಿ ಅಂತ ಅವರ ಮಾತು. ನಮ್ಮ ಅಜ್ಜಿಯರಿಗೆ ಇದು ಗೊತ್ತಿತ್ತು, ದೀಪ ಹಚ್ಚಿದ ಮೇಲೆ ಮಗ್ಗಿ, ಅಲ್ವಾ?

ನನ್ನ ಸಾಲು: 'ಭಾನುವಾರ ಊಟ ಆದ ಮೇಲೆ, ಅಮ್ಮನ ರೂಮಲ್ಲಿ, ಎರಡು ಪದ ರೆಕಾರ್ಡ್.' ಪದ ಅಂದರೆ ಹಾಡು. ಇಪ್ಪತ್ತು ನಿಮಿಷದ ಕೆಲಸ.

ಮೊದಲ ಭಾನುವಾರ ರೆಕಾರ್ಡಿಂಗ್ ಕೇಳಿದರೆ ಬರೀ ಫ್ಯಾನಿನ ಸದ್ದು. ಎರಡನೇ ಭಾನುವಾರ ಫ್ಯಾನ್ ಆಫ್ ಮಾಡಿದೆ, ಅಮ್ಮನಿಗೆ ಪದವೇ ನೆನಪಾಗಲಿಲ್ಲ. 'ಸುಮ್ನೆ ಕೂತು ಹಾಡು ಅಂದ್ರೆ ಬರಲ್ಲ ಕಣೇ' ಅಂದರು. ಎದ್ದು ಅಡುಗೆಮನೆಯಿಂದ ಮೊರ ತಂದು ಎರಡು ಪಾವು ಅಕ್ಕಿ ಸುರಿದುಕೊಂಡು ಕೇರತೊಡಗಿದರು. ಮೂರು ಸಲ ಕೇರಿದರು, ನಾಲ್ಕನೆಯದಕ್ಕೆ ಬಾಯಿಂದ ಪದ ಬಂತು. ನಿಲ್ಲದೆ ಹನ್ನೊಂದು ನಿಮಿಷ. ಈಗ ರೆಕಾರ್ಡಿಂಗಿನಲ್ಲಿ ಹಾಡಿನ ಹಿಂದೆ ಅಕ್ಕಿ ಹಾರಿ ಬೀಳುವ ಸದ್ದಿದೆ, ನನಗೆ ಅದೇ ತಾಳ.

ಪುಟದಲ್ಲಿ ಸಾಲು ತಿದ್ದಿದೆ: 'ಫ್ಯಾನ್ ಆಫ್, ಮೊರ ಕೊಡುವುದು.' ಪೆನ್ಸಿಲ್ ಅಂದದ್ದು ಇದಕ್ಕೇ.

4. ಒಂದನ್ನು ತೆಗೆಯಿರಿ

ಸೇರಿಸುವುದು ಎಲ್ಲರಿಗೂ ಬರುತ್ತದೆ. ತುಂಬಿದ ಬಿಂದಿಗೆಗೆ ಇನ್ನೊಂದು ಚೊಂಬು ಹೊಯ್ದರೆ ಚೆಲ್ಲುತ್ತದೆ. ನಾನು ಭಾನುವಾರ ಮಧ್ಯಾಹ್ನದ ಎರಡು ಗಂಟೆ ರೀಲ್ಸ್ ಬಿಟ್ಟೆ, ಅದೊಂದೇ. ಬಾಕಿ ದಿನ ನೋಡುತ್ತೇನೆ, ಸುಳ್ಳು ಯಾಕೆ ಹೇಳಲಿ.

5. ವಾರಕ್ಕೊಮ್ಮೆ ಪುಟ ತೆರೆಯಿರಿ

ಇದನ್ನು ಬಿಟ್ಟರೆ ಮೇಲಿನದೆಲ್ಲ ದಂಡ. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಹದಿನೆಂಟನೇ ಶತಮಾನದಲ್ಲಿ 13 ಸದ್ಗುಣಗಳ ಪಟ್ಟಿ ಮಾಡಿಕೊಂಡು, ವಾರಕ್ಕೊಂದರಂತೆ ಅಭ್ಯಾಸ ಮಾಡುತ್ತಿದ್ದರು. 13 ವಾರಕ್ಕೆ ಒಂದು ಸುತ್ತು, ವರ್ಷಕ್ಕೆ ನಾಲ್ಕು. ತಪ್ಪಿದ ದಿನ ಪುಸ್ತಕದಲ್ಲಿ ಒಂದು ಕಪ್ಪು ಚುಕ್ಕೆ. ಹೊಸ ಸುತ್ತಿಗೆ ಹಳೇ ಚುಕ್ಕೆ ಕೆರೆದು ಕೆರೆದು ಹಾಳೆಗೆ ತೂತೇ ಬಿತ್ತಂತೆ, ಕೊನೆಗೆ ಒದ್ದೆ ಸ್ಪಂಜಿನಲ್ಲಿ ಒರೆಸಬಹುದಾದ ದಂತದ ಹಾಳೆಗೆ ಬದಲಾಯಿಸಿದರಂತೆ. ಅವರಿಗೆ ಕೈಕೊಟ್ಟದ್ದು 'ಅಚ್ಚುಕಟ್ಟು' ಅನ್ನುವ ಗುಣ, ಅದು ಮಾತ್ರ ಬರಲೇ ಇಲ್ಲ ಅಂತ ತಾವೇ ಒಪ್ಪಿಕೊಂಡಿದ್ದಾರೆ. ಇದು ಓದಿದ ದಿನ ನನ್ನ ಬೀರು ನೋಡಿ ಸಮಾಧಾನವಾಯಿತು.

ಹದಿಮೂರು ನಮಗೆ ಬೇಡ. ಶನಿವಾರ ರಾತ್ರಿ ಪುಟ ತೆಗೆದು ಮೂರು ಪ್ರಶ್ನೆ ಕೇಳಿಕೊಳ್ಳಿ. ಈ ವಾರ ಆಯಿತಾ? ಆಗದಿದ್ದರೆ ಅಡ್ಡ ಬಂದದ್ದು ಏನು? ಸಾಲಿನಲ್ಲಿ ಏನು ತಿದ್ದಬೇಕು? 'ನಾನು ಯಾಕೆ ಹೀಗೆ' ಅನ್ನುವ ನಾಲ್ಕನೇ ಪ್ರಶ್ನೆ ಬೇಡ. ನನ್ನ ಪುಟದಲ್ಲಿ ಆರು ಭಾನುವಾರ ಖಾಲಿ ಇವೆ. ಎರಡಕ್ಕೆ ಜ್ವರ, ಒಂದಕ್ಕೆ ನೆಂಟರು, ಮೂರಕ್ಕೆ ಏನೂ ಕಾರಣವಿಲ್ಲ.

ಹೋದ ವಾರ ಹೊಸದೊಂದು ತಿದ್ದುಪಡಿ ಬಂತು, ನಾನು ಬರೆದದ್ದಲ್ಲ. ನಲವತ್ತೊಂದು ಪದ ಆಗಿತ್ತು, ಫೋನ್ ಇಟ್ಟು ರೆಕಾರ್ಡ್ ಒತ್ತಿದೆ. ಅಮ್ಮ ಮೊರ ಕೆಳಗಿಟ್ಟು, 'ಆ ಡಬ್ಬಕ್ಕೆ ಎಷ್ಟು ಅಂತ ಹಾಡ್ಲಿ, ಅದೇನು ಸೊಲ್ಲು ಎತ್ಕೊಳ್ಳುತ್ತಾ? ನೀನು ಹಾಡು' ಅಂದರು. 'ಎರಡು ಪದ ರೆಕಾರ್ಡ್' ಅನ್ನುವುದನ್ನು ರಬ್ಬರಿನಲ್ಲಿ ಉಜ್ಜಿದೆ. ಈಗ ಆ ಜಾಗದಲ್ಲಿ 'ಒಂದು ಪದ ಕಲಿಯುವುದು' ಅಂತಿದೆ. ನನ್ನ ಶ್ರುತಿ ಕೇಳಿ ಮಗಳು ರೂಮಿನ ಬಾಗಿಲು ಹಾಕಿಕೊಂಡಳು.