ಊರಿನ ಕ್ರೆಡಿಟ್ ಕಾರ್ಡ್ ಬಿಲ್ಲನ್ನು ಅಮೆರಿಕದ ಖಾತೆಯಿಂದ ಕಟ್ಟುವ ಬಗೆ: ಹೊಸಬರಿಗೆ ಮಾರ್ಗದರ್ಶಿ

ಹೊಸದಾಗಿ ಬಂದ ಕುಟುಂಬಗಳು ಮನೆ, ಕಾರು, ಮಕ್ಕಳ ಶಾಲೆ ಎಂಬ ಗಡಿಬಿಡಿಯ ನಡುವೆ ಮರೆತುಬಿಡುವ ಸಂಗತಿಗಳಲ್ಲಿ ಭಾರತದ ಕ್ರೆಡಿಟ್ ಕಾರ್ಡ್ ಮುಖ್ಯವಾದುದು. ಹೊರಡುವ ಮುನ್ನ ವಿಮಾನದ ಟಿಕೆಟ್ಟು, ಸೂಟ್‌ಕೇಸು, ಕುಕ್ಕರು, ಒಂದು ವರ್ಷಕ್ಕಾಗುವಷ್ಟು ಮಸಾಲೆಪುಡಿ ಎಲ್ಲವನ್ನೂ ಅದೇ ಕಾರ್ಡಿನಲ್ಲಿ ಕೊಂಡಿರುತ್ತೇವೆ. ಬಿಲ್ಲು ಬರುವ ಹೊತ್ತಿಗೆ ಅಲ್ಲಿನ ಸಂಬಳ ನಿಂತಿರುತ್ತದೆ, ಇಲ್ಲಿನ ಸಂಬಳ ಇಲ್ಲಿನ ಬ್ಯಾಂಕಿಗೆ ಬೀಳುತ್ತಿರುತ್ತದೆ. ‘ಅಣ್ಣನಿಗೆ ಹೇಳಿದರೆ ಕಟ್ಟುತ್ತಾನೆ’ ಎಂದು ಬಹಳ ಮಂದಿ ಸುಮ್ಮನಿರುತ್ತಾರೆ. ಒಂದು ತಿಂಗಳು ಹಾಗೆ ಮಾಡಿದರೆ ತಪ್ಪಿಲ್ಲ. ಆದರೆ ಎರಡು ವರ್ಷ ಕಳೆದರೂ ಅಣ್ಣನಿಗೆ ಒಟಿಪಿ ಓದಿ ಹೇಳುತ್ತ ಕೂರುವುದು ನಾಲ್ಕು ಜನಕ್ಕೆ ಬುದ್ಧಿ ಹೇಳುವಷ್ಟು ಓದಿಕೊಂಡ ನಮ್ಮವರಿಗೆ ಶೋಭಿಸುವುದಿಲ್ಲ.

ನೇರ ದಾರಿ ಇಲ್ಲ

ಇಲ್ಲಿನ ಬ್ಯಾಂಕಿನ ಆ್ಯಪಿನಲ್ಲಿ ‘ಬಿಲ್ ಪೇ’ ಎಂಬುದನ್ನು ಕಂಡೊಡನೆ ಅದರಲ್ಲಿ ಊರಿನ ಕಾರ್ಡಿನ ಸಂಖ್ಯೆಯನ್ನು ತುಂಬಲು ಹೋಗಬೇಡಿ. ಆ ಸೌಲಭ್ಯವು ಎಸಿಎಚ್ ಎಂಬ ಜಾಲದ ಮೂಲಕವೋ ಅಂಚೆಯಲ್ಲಿ ಹೋಗುವ ಚೆಕ್ಕಿನ ಮೂಲಕವೋ ಹಣ ಕಳಿಸುತ್ತದೆ, ಮತ್ತು ಅದು ಈ ದೇಶದೊಳಗಿನ ಬಿಲ್ಲುಗಳಿಗಾಗಿ ಇರುವಂಥದ್ದು. ಇಲ್ಲಿನ ಬ್ಯಾಂಕುಗಳನ್ನು ಒಂಬತ್ತು ಅಂಕಿಗಳ ರೂಟಿಂಗ್ ಸಂಖ್ಯೆಯಿಂದ ಗುರುತಿಸಿದರೆ ನಮ್ಮಲ್ಲಿ ಹನ್ನೊಂದು ಅಕ್ಷರಗಳ ಐಎಫ್‌ಎಸ್‌ಸಿಯಿಂದ ಗುರುತಿಸುತ್ತಾರೆ; ಒಂದರ ಜಾಗದಲ್ಲಿ ಇನ್ನೊಂದು ನಡೆಯುವುದಿಲ್ಲ. ಬ್ಯಾಂಕಿಗೆ ಹೋಗಿ ವೈರ್ (ಬ್ಯಾಂಕಿನಿಂದ ಬ್ಯಾಂಕಿಗೆ ನೇರ ರವಾನೆ) ಮಾಡಿಸುವುದೂ ಇಂಥ ಬಿಲ್ಲಿಗೆ ತಕ್ಕ ಉಪಾಯವಲ್ಲ, ಏಕೆಂದರೆ ಪ್ರತಿ ಸಲವೂ ಹತ್ತಾರು ಡಾಲರ್ ಶುಲ್ಕ ತೆರಬೇಕಾಗುತ್ತದೆ.

ಹಾಗಾಗಿ ಹಣ ಎರಡು ಹೆಜ್ಜೆಯಲ್ಲಿ ಹೋಗಬೇಕು: ಇಲ್ಲಿನ ಖಾತೆಯಿಂದ ಭಾರತದಲ್ಲಿರುವ ನಿಮ್ಮದೇ ಖಾತೆಗೆ, ಅಲ್ಲಿಂದ ರೂಪಾಯಿಯಲ್ಲಿ ಕಾರ್ಡಿಗೆ.

ಮೊದಲ ಹೆಜ್ಜೆ: ಖಾತೆ ಮತ್ತು ಹಣದ ರವಾನೆ

ಅನಿವಾಸಿಯಾದ ಮೇಲೆ ಊರಿನ ಸಾಮಾನ್ಯ ಉಳಿತಾಯ ಖಾತೆಯನ್ನು ಹಾಗೆಯೇ ಮುಂದುವರಿಸಲು ಫೆಮಾ ಎಂಬ ಭಾರತದ ವಿದೇಶಿ ವಿನಿಮಯ ಕಾಯಿದೆ ಅವಕಾಶ ಕೊಡುವುದಿಲ್ಲ. ಅದನ್ನು ಅನಿವಾಸಿಗಳಿಗೆಂದೇ ಇರುವ ಎನ್‌ಆರ್‌ಒ ಖಾತೆಯಾಗಿ ಬದಲಾಯಿಸಿಕೊಳ್ಳಬೇಕು. ‘ಯಾರಿಗೆ ಗೊತ್ತಾಗುತ್ತದೆ’ ಎಂಬ ಮಾತು ನಮ್ಮ ಸಭೆಗಳಲ್ಲಿ ಪ್ರತಿ ಯುಗಾದಿಗೂ ಕೇಳಿಬರುತ್ತದೆ, ದಯವಿಟ್ಟು ಅದಕ್ಕೆ ಕಿವಿಗೊಡಬೇಡಿ. ಊರಿನ ಬಾಡಿಗೆ, ಡಿವಿಡೆಂಡ್ ಮುಂತಾದವು ಎನ್‌ಆರ್‌ಒ ಖಾತೆಗೆ ಬರಲಿ. ಇಲ್ಲಿ ದುಡಿದ ಡಾಲರನ್ನು ಕಳಿಸಲು ಅನಿವಾಸಿಗಳ ಇನ್ನೊಂದು ಬಗೆಯ ಖಾತೆಯಾದ ಎನ್‌ಆರ್‌ಇ ಒಳ್ಳೆಯದು, ಏಕೆಂದರೆ ಅದರಲ್ಲಿ ಉಳಿದ ಹಣವನ್ನು ಮರಳಿ ತರಲು ಅಡ್ಡಿಯಿಲ್ಲ. ಕಾರ್ಡ್ ಬಿಲ್ಲನ್ನು ಎರಡರಿಂದಲೂ ಕಟ್ಟಬಹುದು.

ಹಣ ಕಳಿಸಲು ವೈಸ್, ರೆಮಿಟ್ಲಿ, ಝೂಮ್ (Xoom) ಮುಂತಾದ ಸೇವೆಗಳಿವೆ. ಇವುಗಳನ್ನು ಹೋಲಿಸುವಾಗ ‘ಶುಲ್ಕವಿಲ್ಲ’ ಎಂಬ ಜಾಹೀರಾತನ್ನು ನೋಡದೆ, ಇಷ್ಟು ಡಾಲರ್ ಕೊಟ್ಟರೆ ಕೊನೆಗೆ ಎಷ್ಟು ರೂಪಾಯಿ ಖಾತೆಗೆ ಬೀಳುತ್ತದೆ ಎಂಬುದೊಂದನ್ನೇ ನೋಡಿ. ಶುಲ್ಕ ಬಿಟ್ಟವರು ವಿನಿಮಯ ದರದಲ್ಲಿ ಕತ್ತರಿಸಿಕೊಂಡಿರುತ್ತಾರೆ. ಹಣವನ್ನು ಬ್ಯಾಂಕ್ ಖಾತೆಯಿಂದ ಅಥವಾ ಡೆಬಿಟ್ ಕಾರ್ಡಿನಿಂದ ಕೊಡಿ. ಇಲ್ಲಿನ ಕ್ರೆಡಿಟ್ ಕಾರ್ಡಿನಿಂದ ಕೊಟ್ಟರೆ ಆ ಬ್ಯಾಂಕು ಅದನ್ನು ನಗದು ಸಾಲವೆಂದು ಪರಿಗಣಿಸಿ ಅಂದಿನಿಂದಲೇ ಬಡ್ಡಿ ಹಾಕುವ ಸಂಭವವಿದೆ. 2026ರ ಜನವರಿ 1ರಿಂದ ಹೊರದೇಶಕ್ಕೆ ಕಳಿಸುವ ಹಣದ ಮೇಲೆ ಶೇ. 1 ತೆರಿಗೆ ಬಂದಿದೆ ಎಂದು ವಾಟ್ಸ್ಆ್ಯಪ್‌ನಲ್ಲಿ ಗಾಬರಿಪಡುವವರಿಗೆ ಒಂದು ಮಾತು: ಆ ತೆರಿಗೆ ನಗದು, ಮನಿ ಆರ್ಡರ್, ಕ್ಯಾಷಿಯರ್ ಚೆಕ್ ಕೊಟ್ಟು ಕಳಿಸುವವರಿಗೆ ಅನ್ವಯಿಸುತ್ತದೆಯೇ ಹೊರತು ಅಮೆರಿಕದ ಬ್ಯಾಂಕ್ ಖಾತೆಯಿಂದ ಕಳಿಸುವವರಿಗಲ್ಲ. ಖಾತೆ ಸಂಖ್ಯೆಯನ್ನು ತಪ್ಪಾಗಿ ಬರೆದಿರೆಂದು ತಕ್ಷಣ ಗೊತ್ತಾದರೆ, ಹಣ ಇನ್ನೂ ಅತ್ತ ಜಮೆಯಾಗಿರದಿದ್ದಲ್ಲಿ, ಪಾವತಿಸಿದ ಮೂವತ್ತು ನಿಮಿಷಗಳೊಳಗೆ ರದ್ದು ಮಾಡುವ ಹಕ್ಕು ಇಲ್ಲಿನ ನಿಯಮದಲ್ಲೇ ಇದೆ.

ಎರಡನೆಯ ಹೆಜ್ಜೆ: ಕಾರ್ಡಿಗೆ ಜಮೆ

ಖಾತೆಯೂ ಕಾರ್ಡೂ ಒಂದೇ ಬ್ಯಾಂಕಿನವಾದರೆ ನೆಟ್ ಬ್ಯಾಂಕಿಂಗ್‌ನಲ್ಲಿ ಎರಡು ನಿಮಿಷದ ಕೆಲಸ. ಬೇರೆ ಬೇರೆಯಾದರೆ ಎನ್‌ಇಎಫ್‌ಟಿ ಮಾಡುವಾಗ ಖಾತೆ ಸಂಖ್ಯೆಯ ಜಾಗದಲ್ಲಿ ಕಾರ್ಡಿನ ಸಂಖ್ಯೆಯನ್ನೂ, ಆ ಬ್ಯಾಂಕು ಕಾರ್ಡ್ ಪಾವತಿಗೆಂದೇ ಕೊಟ್ಟಿರುವ ಐಎಫ್‌ಎಸ್‌ಸಿಯನ್ನೂ ಬರೆಯಬೇಕು. ಇವೆರಡಕ್ಕಿಂತಲೂ ಉತ್ತಮವಾದುದು ಆಟೋ ಡೆಬಿಟ್, ಅಂದರೆ ಪ್ರತಿ ತಿಂಗಳೂ ಬಿಲ್ಲಿನ ಹಣ ಖಾತೆಯಿಂದ ತಾನಾಗಿ ಕಡಿತವಾಗುವ ಏರ್ಪಾಡು. ಬಾಯಾರಿದಾಗ ಬಾವಿ ತೋಡುವ ಬದಲು, ಎರಡು ತಿಂಗಳ ಬಿಲ್ಲಿಗೆ ಸಾಲುವಷ್ಟು ರೂಪಾಯಿಯನ್ನು ಯಾವಾಗಲೂ ಖಾತೆಯಲ್ಲಿ ಬಿಟ್ಟಿರಿ.

ಆದರೆ ಆಟೋ ಡೆಬಿಟ್ ಹಾಕಿದ್ದೇನೆಂದು ನಿಶ್ಚಿಂತೆಯಿಂದ ಮಲಗಬೇಡಿ. ನಾನು ಹಾಗೆ ಮಲಗಿದವನೇ. ಹೊರಡುವ ವಾರ ಬ್ಯಾಂಕಿನಲ್ಲಿ ತುಂಬಿಕೊಟ್ಟ ಅರ್ಜಿಯಲ್ಲಿ ‘ಪೂರ್ಣ ಬಾಕಿ’, ‘ಕನಿಷ್ಠ ಬಾಕಿ’ ಎಂಬ ಎರಡು ಚೌಕಗಳಿದ್ದವು. ಗುಮಾಸ್ತರು ಎರಡನೆಯದಕ್ಕೆ ಗುರುತು ಹಾಕಿದ್ದನ್ನು ನಾನು ಓದದೆ ಸಹಿ ಮಾಡಿದ್ದೆ. ಪ್ರತಿ ತಿಂಗಳೂ ಹಣ ಕಡಿತವಾದ ಸಂದೇಶ ಬರುತ್ತಿತ್ತು, ನಾನು ಸಮಾಧಾನದಿಂದ ಇದ್ದೆ. ಬಿಲ್ಲಿನ ಕಾಗದಗಳೆಲ್ಲ ನಾವು ಖಾಲಿ ಮಾಡಿಬಂದ ಬಾಡಿಗೆ ಮನೆಯ ಬಾಗಿಲಲ್ಲಿ ಬೀಳುತ್ತಿದ್ದವು. ಐದನೆಯ ತಿಂಗಳು ಸ್ಟೇಟ್‌ಮೆಂಟನ್ನು ತೆರೆದು ನೋಡಿದಾಗ ಕೈ ನಡುಗಿತು: ಕಡಿತವಾಗುತ್ತಿದ್ದುದು ಬಿಲ್ಲಿನ ಒಂದು ಸಣ್ಣ ಪಾಲು ಮಾತ್ರ, ಉಳಿದುದಕ್ಕೆಲ್ಲ ಬಡ್ಡಿ ಬೆಳೆಯುತ್ತಿತ್ತು. ಲೆಕ್ಕವನ್ನು ನೀವೇ ಮಾಡಿ: ತಿಂಗಳಿಗೆ ಶೇ. 3.5 ಬಡ್ಡಿಯೆಂದರೆ ಒಂದು ಲಕ್ಷ ರೂಪಾಯಿ ಬಾಕಿಗೆ 3,500 ರೂಪಾಯಿ, ಆ ಬಡ್ಡಿಯ ಮೇಲೆ ಶೇ. 18 ಜಿಎಸ್‌ಟಿ ಸೇರಿದರೆ 4,130 ರೂಪಾಯಿ. ವರ್ಷದ ಲೆಕ್ಕದಲ್ಲಿ ಬಡ್ಡಿಯೇ ಶೇ. 42. ಸಾಲದ್ದಕ್ಕೆ, ಹಳೆಯ ಬಾಕಿ ಉಳಿದಿರುವವರೆಗೆ ಹೊಸ ಖರೀದಿಗೆ ಬಡ್ಡಿರಹಿತ ಅವಧಿಯೂ ಸಿಗುವುದಿಲ್ಲ. ಆದ್ದರಿಂದ ‘ಪೂರ್ಣ ಬಾಕಿ’ ಎಂಬ ಚೌಕವನ್ನು ನಿಮ್ಮ ಕಣ್ಣಿನಿಂದಲೇ ನೋಡಿ, ಮೊದಲ ಮೂರು ತಿಂಗಳ ಸ್ಟೇಟ್‌ಮೆಂಟನ್ನು ಕಡೆಯ ಸಾಲಿನವರೆಗೂ ಓದಿ, ವಿಳಾಸ ಬದಲಾಯಿಸಿ, ಬಿಲ್ಲು ಇಮೇಲಿಗೆ ಬರುವಂತೆ ಮಾಡಿಕೊಳ್ಳಿ.

ಗಡುವು ಮತ್ತು ಗಡಿಯಾರ

ಗಡುವಿನ ದಿನ ಮುಗಿಯುವುದು ಭಾರತದ ಮಧ್ಯರಾತ್ರಿಗೆ. ಆಗ ಪೂರ್ವ ಕರಾವಳಿಯಲ್ಲಿ ಬೇಸಿಗೆಯಾದರೆ ಮಧ್ಯಾಹ್ನ 2.30, ಚಳಿಗಾಲವಾದರೆ 1.30, ಕ್ಯಾಲಿಫೋರ್ನಿಯಾದಲ್ಲಿ ಬೆಳಿಗ್ಗೆ 11.30 ಅಥವಾ 10.30. ಕಚೇರಿ ಮುಗಿಸಿ ಬಂದು ಸಂಜೆ ಕಟ್ಟುತ್ತೇನೆಂದರೆ ದಿನ ಕಳೆದೇ ಹೋಗಿರುತ್ತದೆ. ಎನ್‌ಇಎಫ್‌ಟಿ 2019ರ ಡಿಸೆಂಬರಿನಿಂದ ಹಗಲಿರುಳೂ ನಡೆಯುತ್ತದೆ, ನಿಜ. ಇಲ್ಲಿನ ಎಸಿಎಚ್‌ ಮಾತ್ರ ವಾರಾಂತ್ಯಕ್ಕೂ ಸರ್ಕಾರಿ ರಜೆಗೂ ಇತ್ಯರ್ಥವಾಗುವುದಿಲ್ಲ. ಮೊದಲ ಸಲ ಹಣ ಕಳಿಸುವಾಗ ಗುರುತಿನ ಪರಿಶೀಲನೆಗೂ ಸಮಯ ಹಿಡಿಯಬಹುದು. ಗಡುವಿಗೆ ಒಂದು ವಾರ ಮುಂಚೆಯೇ ಹೊರಡಿಸಿ.

ಕೈತಪ್ಪಿದರೆ ಒಂದು ಸಣ್ಣ ಆಸರೆಯಿದೆ. ರಿಸರ್ವ್ ಬ್ಯಾಂಕಿನ ನಿರ್ದೇಶನದಂತೆ, ಗಡುವು ದಾಟಿ ಮೂರು ದಿನಗಳಿಗಿಂತ ಹೆಚ್ಚಾದರೆ ಮಾತ್ರ ವಿಳಂಬ ಶುಲ್ಕ ಹಾಕಬಹುದು, ಸಾಲ ತೀರಿಸುವ ನಡತೆಗೆ ಅಂಕ ಕೊಡುವ ಸಿಬಿಲ್‌ನಂಥ ಸಂಸ್ಥೆಗಳಿಗೆ ವರದಿ ಮಾಡಬಹುದು. ಆದರೆ ಆ ಮೂರು ದಿನ ಮೀರಿದ ಮೇಲೆ ತಡವಾದ ದಿನಗಳ ಎಣಿಕೆ ಮೂಲ ಗಡುವಿನಿಂದಲೇ ಶುರುವಾಗುತ್ತದೆ. ಇಲ್ಲಿ ಕುಳಿತವರಿಗೆ ಊರಿನ ಸಿಬಿಲ್ ಅಂಕ ಯಾಕೆ ಎನ್ನುವವರು ಮುಂದೆ ಮೈಸೂರಿನಲ್ಲೋ ಹುಬ್ಬಳ್ಳಿಯಲ್ಲೋ ಮನೆ ಸಾಲ ಕೇಳುವ ದಿನ ಉತ್ತರ ತಿಳಿದುಕೊಳ್ಳುತ್ತಾರೆ.

ಇನ್ನುಳಿದವು

ಊರಿನ ಮೊಬೈಲ್ ಸಂಖ್ಯೆಗೆ ರೋಮಿಂಗ್ ಹಾಕಿಸಿ, ರೀಚಾರ್ಜ್ ತಪ್ಪಿಸಬೇಡಿ. 90 ದಿನ ಬಳಸದ ಸಂಖ್ಯೆ ಕೈಬಿಟ್ಟು ಹೋಗಬಹುದು, ಅದರೊಂದಿಗೆ ಒಟಿಪಿಯೂ ಹೋಗುತ್ತದೆ.

ಊರಿನ ಕಾರ್ಡನ್ನು ಇಲ್ಲಿನ ಅಂಗಡಿಗಳಲ್ಲಿ ಉಜ್ಜಬೇಡಿ. ಅನೇಕ ಕಾರ್ಡುಗಳಲ್ಲಿ ವಿದೇಶಿ ವ್ಯವಹಾರಕ್ಕೆ ಶೇ. 3.5ರಷ್ಟು ಹೆಚ್ಚುವರಿ ಶುಲ್ಕವೂ ಅದರ ಮೇಲೆ ಜಿಎಸ್‌ಟಿಯೂ ಬೀಳುತ್ತವೆ.

ಊರಿನ ಎಲ್ಲ ಖಾತೆಗಳ ಮೊತ್ತ ವರ್ಷದ ಯಾವುದೇ ಒಂದು ದಿನ 10,000 ಡಾಲರ್ ದಾಟಿದರೆ ಎಫ್‌ಬಿಎಆರ್ ಎಂಬ ವಿದೇಶಿ ಖಾತೆಗಳ ವರದಿಯನ್ನು ಇಲ್ಲಿನ ಸರ್ಕಾರಕ್ಕೆ ಸಲ್ಲಿಸಬೇಕು.

ಎನ್‌ಆರ್‌ಇ ಬಡ್ಡಿಗೆ ಭಾರತದಲ್ಲಿ ತೆರಿಗೆಯಿಲ್ಲ, ಇಲ್ಲಿ ಇದೆ.

ಬೇಡವಾದ ಕಾರ್ಡನ್ನು ಮುಚ್ಚುವುದು

ಮೂರು ಕಾರ್ಡುಗಳಿದ್ದರೆ ಒಂದನ್ನು ಉಳಿಸಿಕೊಂಡು ಉಳಿದವನ್ನು ಮುಚ್ಚಿ. ಬಳಸದೆ ಡ್ರಾಯರಿನಲ್ಲಿಟ್ಟ ಕಾರ್ಡಿಗೂ ವಾರ್ಷಿಕ ಶುಲ್ಕ ಬೀಳಬಹುದು, ಅದನ್ನು ಕಟ್ಟದಿದ್ದರೆ ಅದರ ಮೇಲೂ ಬಡ್ಡಿ ಬೆಳೆಯುತ್ತದೆ. ಬಾಕಿಯನ್ನು ಪೂರ್ತಿ ಕಟ್ಟಿದ ಮೇಲೆ ಮುಚ್ಚಲು ಬರಹದಲ್ಲಿ ಕೇಳಿಕೊಂಡರೆ ಬ್ಯಾಂಕು ಏಳು ಕೆಲಸದ ದಿನಗಳಲ್ಲಿ ಮುಚ್ಚಬೇಕು. ತಡವಾದರೆ ದಿನಕ್ಕೆ 500 ರೂಪಾಯಿಯಂತೆ ನಿಮಗೇ ದಂಡ ಕೊಡಬೇಕೆಂದು ರಿಸರ್ವ್ ಬ್ಯಾಂಕಿನ ಅದೇ ನಿರ್ದೇಶನ ಹೇಳುತ್ತದೆ. ಕೋರಿಕೆ ಕಳಿಸುವ ಮೊದಲು ಆ ಕಾರ್ಡಿಗೆ ಕಟ್ಟಿಹಾಕಿದ ಅಪ್ಪ ಅಮ್ಮನ ವಿದ್ಯುತ್ ಬಿಲ್ಲು, ವಿಮೆಯ ಕಂತುಗಳನ್ನು ಬೇರೆಡೆಗೆ ಬದಲಾಯಿಸಿ, ಮುಚ್ಚಿದೆ ಎಂಬ ಇಮೇಲನ್ನು ಅಳಿಸದೆ ಇಟ್ಟುಕೊಳ್ಳಿ.